ಹಬೆಯಣ್ಣ ಎದ್ದು ನಿಂತ ದಿನ

ನಂಬದಿದ್ದರೆ ಬಿಡು, ಹಾಗೆ ಮೂಗು ಮಾತ್ರ ಮುರಿಯಬೇಡ. ಹೆತ್ತ ಅಪ್ಪ ಎದ್ದು ನಿಂತದ್ದನ್ನು ಕಂಡು ಮಗು ಕಿಟಾರನೆ ಕಿರುಚಿದ್ದು ಸುಳ್ಳಲ್ಲ. ಗಡ್ಡ ಬಿಟ್ಟಿದ್ದನೇ ಅಂತ ಕೇಳುತ್ತೀಯಲ್ಲ, ಗಡ್ಡವೂ ಇರಲಿಲ್ಲ, ವೇಷವೂ ಇರಲಿಲ್ಲ. ಆ ಮಗು ಅಲ್ಲಿಯವರೆಗೆ ಅಪ್ಪನನ್ನು ನೋಡಿದ್ದೇ ಮಲಗಿದ ಭಂಗಿಯಲ್ಲಿ. ಅಪ್ಪ ಅಂದರೆ ಅದರ ಲೆಕ್ಕದಲ್ಲಿ ಹಾಸಿಗೆಯಷ್ಟು ಉದ್ದದ, ಗೊರಕೆ ಹೊಡೆಯುವ ಒಂದು ಸಾಮಾನು. ಮನೆಯ ಸಾಮಾನು ಏಕಾಏಕಿ ಎದ್ದು ನಿಂತು ಹಲ್ಲು ಕಿರಿದರೆ ನೀನಾದರೂ ಕಿರುಚುತ್ತಿದ್ದೆ.

ಅವನನ್ನು ಎಲ್ಲರೂ ಹಬೆಯಣ್ಣ ಅನ್ನುತ್ತಿದ್ದರು. ದೊಡ್ಡ ಲಾಂಡ್ರಿಯೊಂದರಲ್ಲಿ ಬಾಯ್ಲರ್ ನೋಡಿಕೊಳ್ಳುವ ಕೆಲಸ. ಆಸ್ಪತ್ರೆಯ ಹಾಸು, ಹೋಟೆಲಿನ ಟವೆಲು, ದಿಂಬಿನ ಚೀಲ ಎಲ್ಲ ಗಂಟು ಗಂಟಾಗಿ ಬಂದು ಬೀಳುತ್ತಿದ್ದವು. ಒಗೆಯುವುದಕ್ಕೂ ಹಬೆ, ಒಣಗಿಸುವುದಕ್ಕೂ ಹಬೆ, ಇಸ್ತ್ರಿಗೂ ಹಬೆ. ಅದನ್ನು ಎಬ್ಬಿಸುವವನು ಇವನೊಬ್ಬನೇ. ಬೆಳಕು ಹರಿಯುವ ಮೊದಲೇ ಹೋಗಿ ಬೆಂಕಿ ಹಾಕಬೇಕು, ಕೊನೆಯ ಗಂಟು ಮುಗಿದ ಮೇಲೆ ಶಿಳ್ಳೆ ಕೂಗಿಸಬೇಕು. ಶಿಳ್ಳೆ ಕೇಳಿದರೆ ಮಾತ್ರ ಜನ ಮನೆಗೆ ಹೋಗಬಹುದು, ಅದು ಅಲ್ಲಿಯ ರೂಢಿ. ಕೊನೆಯ ಗಂಟು ಯಾವುದು ಅನ್ನುವುದು ಮಾತ್ರ ಮಾಲೀಕರ ಮರ್ಜಿ. ಒಂದು ಗಂಟು ಬಿಚ್ಚಿದರೆ ಅದು ಇನ್ನೆರಡು ಮರಿ ಹಾಕುತ್ತಿತ್ತು.

ಶಿಳ್ಳೆಯೋ, ಸಾಧಾರಣದ್ದಲ್ಲ. ಅದು ಕೂಗಿದರೆ ಪಕ್ಕದ ಬೀದಿಯ ಕ್ಷೌರದಂಗಡಿಯಲ್ಲಿ ಕೂತವರ ಕೂದಲು ತಾನಾಗಿ ನೆಟ್ಟಗೆ ನಿಲ್ಲುತ್ತಿತ್ತು. ಕತ್ತರಿಸಲು ಸುಲಭ ಅಂತ ಕ್ಷೌರಿಕ ಕತ್ತರಿ ಹಿಡಿದು ಅದಕ್ಕೇ ಕಾಯುತ್ತಿದ್ದ. ಇದನ್ನೂ ನಂಬಬೇಡ, ಆದರೆ ಮುಂದಿನದನ್ನು ಕೇಳು.

ಹಬೆಯಣ್ಣ ಸಿಕ್ಕಿಬಿದ್ದದ್ದು ತನ್ನ ಬಾಯಿಂದಲೇ. ಬೆಳಿಗ್ಗೆ ಬಾಯ್ಲರಿನ ಬಾಗಿಲನ್ನು ಸ್ಪ್ಯಾನರಿನಿಂದ ಮೆಲ್ಲಗೆ ತಟ್ಟಿ, "ಏನಮ್ಮ, ಎದ್ಯಾ?" ಅನ್ನುತ್ತಿದ್ದ. ಕಿವಿಯಿಟ್ಟು ಕೇಳಿ ತಲೆದೂಗುತ್ತಿದ್ದ. ನೋಡುವವರು ಬೆರಗಾದಷ್ಟೂ ಇವನಿಗೆ ಹುರುಪು. ತನ್ನ ಹೊರತು ಯಾರು ಮುಟ್ಟಿದರೂ ಅವಳು ಮುನಿಸಿಕೊಳ್ಳುತ್ತಾಳೆ ಅಂತ ಊರೆಲ್ಲ ಡಂಗುರ ಹೊಡೆದಿದ್ದ. ಅದೇ ಲಾಂಡ್ರಿಯಲ್ಲಿದ್ದ ಅವನ ಹೆಂಡತಿಯ ತಮ್ಮ ಬಾಯ್ಲರ್ ಪರೀಕ್ಷೆ ಪಾಸು ಮಾಡಿ ಸರ್ಟಿಫಿಕೇಟ್ ಇಟ್ಟುಕೊಂಡಿದ್ದರೂ ಬೂದಿ ಬಾಚುವುದೇ ಅವನ ಪಾಲಿಗೆ ಬಂದಿತ್ತು.

"ಭಾವ, ಇವತ್ತೊಂದಿನ ನಾನು ಹತ್ತಿಸ್ಲಾ?"

"ನಿನ್ನ ಕೈ ತಣ್ಣಗಿದೆ ಕಣೋ. ಅವಳಿಗೆ ನೆಗಡಿ ಆಗುತ್ತೆ."

ಹೀಗಿರುವಾಗ ಒಂದು ಬೆಳಿಗ್ಗೆ ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು.

"ನಿನ್ನೆ ಮಾರ್ಕೆಟ್ಟಲ್ಲಿ ತರಕಾರಿ ಗಾಡಿ ಕೆಳಗೆ ಯಾವನೋ ನಿದ್ದೆ ಹೊಡೀತಿದ್ದ. ನಿಮ್ಮ ಮಗಳು ಓಡಿಹೋಗಿ ಅಪ್ಪಾ ಅಂತ ತಬ್ಕೊಂಡ್ಳು. ಜನ ಎಲ್ಲ ನನ್ನ ಮುಖ ನೋಡಿದ್ರು."

"ಆಮೇಲೆ?"

"ಅವನು ಎದ್ದು ಕೂತ. ಇವಳು ಹೋ ಅಂತ ಅಳೋಕೆ ಶುರು ಮಾಡಿದ್ಳು. ಎದ್ದು ಕೂರೋರು ಅಪ್ಪ ಅಲ್ಲ ಅಂತ ಅವಳಿಗೆ ಗೊತ್ತಲ್ಲ."

ಹಬೆಯಣ್ಣ ನಕ್ಕ. ನಗುತ್ತಲೇ ಮಲಗಿದ್ದ ಮಗಳ ಕಡೆ ತಿರುಗಿ ನೋಡಿದ. ನಾಳೆ ಇವಳು ಬೀದಿಯಲ್ಲಿ ಎದುರಾಗಿ, ಯಾರು ನೀವು ಅಂದುಬಿಟ್ಟರೆ? ನೇರ ಮಾಲೀಕರ ಬಳಿ ಹೋಗಿ ವಾರಕ್ಕೊಂದು ದಿನ ರಜೆ ಕೇಳಿದ.

"ನಾನೇನು ಬೇಡ ಅಂದ್ನಾ?" ಅಂದರು ಮಾಲೀಕರು. "ನಿನ್ನ ಬಾಯ್ಲರಮ್ಮ ಒಪ್ಪಿದ್ರೆ ತಗೋ. ನೀನಿಲ್ದೆ ಉಸಿರೇ ಆಡಲ್ಲ ಅಂತ ನೀನೇ ಹೇಳಿದ್ದಲ್ವಾ?"

ಅವನು ಪೆಚ್ಚುಮೋರೆ ಹಾಕಿಕೊಂಡು ಮನೆಗೆ ಬಂದ. ಹೆಂಡತಿ ಸುಮ್ಮನೆ ಕೂರುವ ಪೈಕಿಯಲ್ಲ. ಮಗಳನ್ನು ಸೊಂಟಕ್ಕೇರಿಸಿಕೊಂಡು ಕಾರ್ಮಿಕ ಇಲಾಖೆಗೆ ಹೋದಳು. ಕೆಲವೇ ದಿನಗಳಲ್ಲಿ ಅಲ್ಲಿಂದ ಇನ್‌ಸ್ಪೆಕ್ಟರಮ್ಮ ಲಾಂಡ್ರಿಗೆ ಬಂದರು. ಮಾಲೀಕರು ಅದೇ ಹಳೇ ರಾಗ ಎಳೆದರು.

"ವಾರದ ರಜೆ ನೀವು ಕೊಡೋ ಬಕ್ಷೀಸಲ್ಲ ಸ್ವಾಮಿ, ಅವರ ಹಕ್ಕು," ಅಂದರು ಆಕೆ. "ದಿನದ ಕೆಲಸಕ್ಕೂ ಮಿತಿ ಇದೆ. ಬಾಯ್ಲರ್ ಇವರೊಬ್ಬರ ಮಾತೇ ಕೇಳೋದಾದ್ರೆ, ಇವರ ಜೊತೆ ಅದಕ್ಕೂ ರಜೆ ಕೊಡಿ."

ಮಾಲೀಕರ ಮುಖ ಒಗೆದ ಹಾಸಿನಷ್ಟು ಬಿಳಿಯಾಯಿತು. ಇನ್‌ಸ್ಪೆಕ್ಟರಮ್ಮ ಹಬೆಯಣ್ಣನ ಕಡೆ ತಿರುಗಿದರು. "ನಿಜವಾಗ್ಲೂ ಬೇರೆಯವರಿಗೆ ಆಗಲ್ವಾ?"

ಇಸ್ತ್ರಿಯ ಹೆಂಗಸರೆಲ್ಲ ಕೈ ನಿಲ್ಲಿಸಿ ನೋಡುತ್ತಿದ್ದರು. ಆಗುತ್ತೆ ಅಂದರೆ ಇಷ್ಟು ವರ್ಷ ಕಟ್ಟಿದ ಗತ್ತು ನೀರುಪಾಲು. ಆಗಲ್ಲ ಅಂದರೆ ಮಗಳು ಇನ್ನಷ್ಟು ಗಾಡಿಗಳ ಕೆಳಗೆ ಅಪ್ಪನನ್ನು ಹುಡುಕುತ್ತಾಳೆ.

"ಅವಳು... ಅದು ಬರೀ ಕಬ್ಬಿಣ ಮೇಡಂ," ಅಂದ. "ನೀರು, ಬೆಂಕಿ, ಮೀಟರಿನ ಮುಳ್ಳು, ಇಷ್ಟರ ಮೇಲೆ ಕಣ್ಣಿರಬೇಕು. ಪರೀಕ್ಷೆ ಪಾಸಾದೋರು ಯಾರಾದ್ರೂ ನಡೆಸಬಹುದು. ನನ್ನ ಭಾಮೈದ ಪಾಸಾಗಿದಾನೆ."

"ಮತ್ತೆ ಆ ತಟ್ಟೋದು?" ಅಂದಳೊಬ್ಬಳು ಇಸ್ತ್ರಿಯವಳು.

"ಅದು ನನ್ನ ಖುಷಿಗೆ."

ನಗುವಿಗೆ ಲಾಂಡ್ರಿಯ ತಗಡು ಹಾರಿಹೋಗಿ ಎರಡು ಬೀದಿ ಆಚೆ ಬಿತ್ತು. ಭಾಮೈದ ಬೂದಿಯ ಬುಟ್ಟಿ ಕೆಳಗಿಟ್ಟು ಕೇಳಿದ, "ಭಾವ, ನೆಗಡಿ?"

"ಸುಮ್ನಿರೋ."

ಅಂದಿನಿಂದ ಶಿಳ್ಳೆ ಗಡಿಯಾರ ನೋಡಿ ಕೂಗಬೇಕು, ಗಂಟು ನೋಡಿ ಅಲ್ಲ ಅಂತಾಯಿತು. ಇಬ್ಬರಿಗೂ ಪಾಳಿ, ಇಬ್ಬರಿಗೂ ರಜೆ.

ಮೊದಲ ರಜೆಯ ಬೆಳಿಗ್ಗೆ ಮಗಳು ಕಣ್ಣು ಬಿಟ್ಟಾಗ ಹಬೆಯಣ್ಣ ಸ್ನಾನ ಮಾಡಿ, ತಲೆ ಬಾಚಿ, ಎದುರಿಗೆ ನೆಟ್ಟಗೆ ನಿಂತಿದ್ದ. ಕಿರುಚಿದಳು ಅಂದೆನಲ್ಲ, ಆಗಲೇ. ಅಡುಗೆಮನೆಗೆ ಓಡಿ ಅಮ್ಮನ ಸೆರಗಿನ ಹಿಂದೆ ಅಡಗಿದಳು. ಅವನು ಏನು ಮಾಡಿದ ಹೇಳು? ಇಸ್ತ್ರಿ ಅಂಗಿ ಹಾಕಿಕೊಂಡೇ ನೆಲದ ಮೇಲೆ ಉದ್ದಕ್ಕೆ ಬಿದ್ದುಕೊಂಡ. ಮಗು ಇಣುಕಿತು. ಬಂದು ಮೂಗು ಹಿಂಡಿತು, ಹೌದು, ಇದು ನಮ್ಮದೇ. ಹೊತ್ತೇರಿದಾಗ ಅವನು ಮೊಣಕೈ ಊರಿದ. ಊಟದ ಹೊತ್ತಿಗೆ ಗೋಡೆಗೊರಗಿ ಕೂತ. ಮಧ್ಯಾಹ್ನವಿಡೀ ಕುದುರೆಯಾಗಿ ಮನೆ ಸುತ್ತಿದ.

ಬಿಸಿಲು ಇನ್ನೂ ಕಿಟಕಿಯಲ್ಲಿರುವಾಗಲೇ ಶಿಳ್ಳೆ ಕೂಗಿತು. ಒಂದಿಷ್ಟೂ ನಡುಗದ, ನೇರ ಕೂಗು. ಭಾಮೈದನದು. ಹಬೆಯಣ್ಣ ಮೆಲ್ಲಗೆ ಎದ್ದು ನಿಂತು ಕಿವಿಗೊಟ್ಟ. ಮಗಳು ತಲೆಯೆತ್ತಿ ಅವನ ಉದ್ದವನ್ನೆಲ್ಲ ಅಳೆದಳು, ಆಮೇಲೆ ಬೆರಳು ಹಿಡಿದುಕೊಂಡಳು.

"ಹೇಗಿದೆ ನನ್ನ ತಮ್ಮನ ಶಿಳ್ಳೆ?" ಅಂತ ಹೆಂಡತಿ ಕೇಳಿದಳು.

"ಸ್ವಲ್ಪ ತೆಳ್ಳಗಾಯ್ತು," ಅಂದ ಹಬೆಯಣ್ಣ. "ಆದ್ರೂ ಪರವಾಗಿಲ್ಲ, ಮುಂದಿನ ವಾರಾನೂ ಅವನೇ ಊದ್ಲಿ."

ಈಗಲೂ ಅನುಮಾನವೇ? ಹಾಗಾದರೆ ಅಲ್ಲಿ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದಾಳಲ್ಲ ನನ್ನ ಸೊಸೆ, ಅವಳನ್ನೇ ಕೇಳು. ಆ ಮಗು ಅವಳೇ.

"ಮಾವ, ಕತೆ ಸಾಕು, ಊಟಕ್ಕೆ ಬನ್ನಿ. ನಮ್ಮಪ್ಪ ಆಗಲೇ ಕೂತಿದಾರೆ, ತಡ ಮಾಡಿದ್ರೆ ನಿಮಗೇನೂ ಉಳಿಯಲ್ಲ."

ಬಂದೆ ತಾಯಿ, ಬಂದೆ.