ತಿದ್ದುವ ಮುಂಚೆ

ಪೋರೂರಿನಲ್ಲಿ ನಮ್ಮ ಮೇಲಿನ ಮನೆಯ ಯಜಮಾನರು ರೈಲ್ವೆ ಸಿಗ್ನಲ್ ವಿಭಾಗದಲ್ಲಿದ್ದು ನಿವೃತ್ತರಾದವರು. ಯಾವ ಯಂತ್ರ ಕೆಟ್ಟರೂ ಕೈ ಹಿಂದೆ ಕಟ್ಟಿಕೊಂಡು ನಿಂತು, "ಇರಪ್ಪಾ, ಈಗಲೇ ತಿದ್ದಬೇಡ" ಅನ್ನೋರು.

ಅಮ್ಮನ ಹಾಡುಗಳಿದ್ದ ನಮ್ಮ ಸ್ಟೋರೇಜ್ ಸರ್ವರ್ ಪ್ಯಾರಿಟಿ ಎರರ್, ಅಂದರೆ ಉಳಿಸಿಟ್ಟ ಮಾಹಿತಿಗೂ ಅದರ ತಾಳೆ ಲೆಕ್ಕಕ್ಕೂ ಹೊಂದುತ್ತಿಲ್ಲ ಎಂದು ತೋರಿಸಿದಾಗ, ತಿದ್ದುವ ಬಟನ್ ಒತ್ತಲು ಹೋದ ನನ್ನನ್ನು ಅವರೇ ತಡೆದರು. ಬರೀ ತಪಾಸಣೆಯನ್ನು ಎರಡು ಸಲ ಮಾಡಿಸಿ, ತಪ್ಪು ಬಂದ ಜಾಗಗಳನ್ನು ನನ್ನಿಂದಲೇ ಬರೆಸಿದರು.

"ನೋಡು, ಸಲ ಸಲಕ್ಕೂ ಜಾಗ ಬದಲಾಗ್ತಿದೆ. ಕೆಟ್ಟಿರೋದು ಡಿಸ್ಕ್ ಅಲ್ಲ, ಲೆಕ್ಕ ಹಾಕೋವಾಗ ಬಳಸೋ ಮೆಮೊರಿ. ಅದನ್ನಿಟ್ಕೊಂಡು ತಿದ್ದಿದ್ರೆ ಸರಿಯಿದ್ದದ್ದೂ ಕೆಡ್ತಿತ್ತು."

ಸರ್ವರ್ ಒಳಗಿನ ಎರಡು ಮೆಮೊರಿ ಸ್ಟಿಕ್‌ಗಳಲ್ಲಿ ಒಂದನ್ನು ಪರೀಕ್ಷೆಗೆಂದು ನನ್ನ ಕೈಯಲ್ಲೇ ತೆಗೆಸಿದರು. ಆಮೇಲಿನ ಎರಡು ತಪಾಸಣೆಗಳಲ್ಲಿ ಜಾಗ ಬದಲಾಗಲಿಲ್ಲ; ಎರಡರಲ್ಲೂ ಅದೇ ನಾಲ್ಕು ಕಡೆ ತಪ್ಪು ಬಂತು, ನಿಜಕ್ಕೂ ತಿದ್ದಬೇಕಾದವು ಅವೇ. ಆಗ ಮಾತ್ರ ಹಿಂದೆ ಕಟ್ಟಿದ್ದ ಕೈ ಬಿಡಿಸಿ, ಕುರ್ಚಿಯನ್ನು ನನ್ನ ಕಡೆ ಎಳೆದರು.

"ಕೂತ್ಕೋ. ಈಗ ತಿದ್ದು."