ದೀಪ ಹಚ್ಚದ ಕೌನ್ಸಿಲ್ ಸದಸ್ಯರು

ಅಮೆರಿಕದ ಪ್ಲೇನ್ಸ್‌ಬರೋ ಕಡೆಯ ನಮ್ಮ ಪುಟ್ಟ ಟೌನ್‌ಶಿಪ್ಪಿನಲ್ಲಿ ಪಕ್ಕದ ಮನೆಯವರೊಬ್ಬರು ಊರಿನ ಆಡಳಿತ ನಡೆಸುವ ಕೌನ್ಸಿಲ್ಲಿನ ಸದಸ್ಯರಾಗಿದ್ದರು. ಭಾನುವಾರ ಪ್ರಾಟೆಸ್ಟೆಂಟ್ ಚರ್ಚಿನಲ್ಲಿ ಬೈಬಲ್ ಓದುವವರೂ ಅವರೇ. ಏನು ಕೇಳಿದರೂ ಕತ್ತು ಓರೆ ಮಾಡಿ, "ಸ್ವಲ್ಪ ಯೋಚಿಸಬೇಕು" ಎನ್ನುತ್ತಿದ್ದರು.

ನಮ್ಮ ದೀಪಾವಳಿ ಸಮಾರಂಭದಲ್ಲಿ ಉಳಿದ ರಾಜಕಾರಣಿಗಳೆಲ್ಲ ದೀಪ ಹಚ್ಚಿ ಫೋಟೊಗೆ ನಿಂತರು. ಇವರು ಮಾತ್ರ ಕೈಮುಗಿದು ಹಿಂದೆ ಸರಿದರು. ಧಾರವಾಡದ ಆಂಟಿಯೊಬ್ಬರು ನನ್ನ ಕಿವಿಯಲ್ಲಿ, "ದೀಪಾ ಹಚ್ಚಂಗಿಲ್ಲಂದ್ರ ಇವರು ಬಂದದ್ದರ ಯಾಕ?" ಎಂದರು.

ನನಗೂ ಕುತೂಹಲ. ಮರುದಿನ ಅವರು ಅಂಗಳದ ಎಲೆ ಗುಡಿಸುತ್ತಿದ್ದಾಗ ಕೇಳಿಯೇಬಿಟ್ಟೆ.

"ದೀಪ ಹಚ್ಚುವುದು ನಿಮಗೆ ಪ್ರಾರ್ಥನೆ ಅಲ್ಲವೇ? ಓಟಿಗಾಗಿ ನಾನು ಪ್ರಾರ್ಥಿಸಿದಂತೆ ನಟಿಸಿದರೆ ನಿಮ್ಮ ದೇವರಿಗೂ ಅವಮಾನ, ನನ್ನ ದೇವರಿಗೂ ಅವಮಾನ," ಎಂದರು.

ಆ ಚಳಿಗಾಲ ನಾವು ಕಟ್ಟಬೇಕೆಂದಿದ್ದ ದೇವಸ್ಥಾನಕ್ಕೆ ಅನುಮತಿ ಕೊಡುವ ವಿಷಯ ಕೌನ್ಸಿಲ್ ಸಭೆಗೆ ಬಂತು. ಅವರ ಚರ್ಚಿನ ಹಿರಿಯರೊಬ್ಬರು ಎದ್ದು ಅವರನ್ನೇ, "ನೀವು ಅಲ್ಲಿ ಪ್ರಾರ್ಥನೆ ಮಾಡ್ತೀರಾ?" ಎಂದು ಕೇಳಿದರು.

"ಇಲ್ಲ."

"ಮತ್ತೆ ಅವರ ಪರವಾಗಿ ಹೇಗೆ ಓಟು ಹಾಕ್ತೀರಿ?"

ಯೋಚಿಸಬೇಕು ಎನ್ನುತ್ತಾರೆಂದು ನಾನು ಕಾದೆ. ಆ ಸಲ ಹಾಗೆನ್ನಲಿಲ್ಲ. "ಪ್ರಾರ್ಥನೆ ಮಾಡುವವರು ಅವರು. ಅವರಿಗೆ ಜಾಗ ಬೇಕು, ಅಷ್ಟೇ," ಎಂದು ಕೈ ಎತ್ತಿದರು. ದೇವಸ್ಥಾನಕ್ಕೆ ಅನುಮತಿ ಸಿಕ್ಕಿತು.

ಮುಂದಿನ ಚುನಾವಣೆಯಲ್ಲಿ ಅವರು ಸೋತರು. ಚರ್ಚಿನ ಹಲವರು ಅವರ ಕೈಬಿಟ್ಟಿದ್ದರು. ನಮ್ಮವರೂ ಹೆಚ್ಚಿನವರು ದೀಪ ಹಚ್ಚಿ ಫೋಟೊಗೆ ನಿಂತಿದ್ದ ಎದುರಾಳಿಗೇ ಓಟು ಹಾಕಿದ್ದರು. ಫಲಿತಾಂಶ ಬಂದ ಮೇಲಿನ ಭಾನುವಾರ ಬೆಳಿಗ್ಗೆ ಅವರು ಕಾರಿನ ಗಾಜಿನ ಮೇಲಿನ ಹಿಮ ಕೆರೆಯುತ್ತಿದ್ದರು.

"ಬೇಜಾರಾಗಲಿಲ್ಲವೇ?" ಎಂದೆ.

"ತುಂಬಾ ಆಯಿತು," ಎಂದವರು, ತಮ್ಮನ್ನು ಸೋಲಿಸಿದವರ ನಡುವೆ ಕೂರಲು ಎಂದಿನಂತೆ ಚರ್ಚಿಗೆ ಹೊರಟರು.