ಬುಧವಾರ ರಾತ್ರಿ ಹನ್ನೆರಡೂ ಇಪ್ಪತ್ತರ ಗಾಡಿ

ನಮ್ಮ ಬೀದಿಯಲ್ಲಿ ಯಾರಿಗೆ ದೂರದ ರೈಲು ಬೇಕಾದರೂ ನನ್ನ ಹತ್ತಿರವೇ ಬರುತ್ತಿದ್ದರು. ಪಾಂಡವಪುರದಲ್ಲಿ ನನ್ನದೊಂದು ಪಂಪ್‌ಸೆಟ್ ಸಾಮಾನಿನ ಅಂಗಡಿ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಮೊಬೈಲಿನಲ್ಲಿ ರೈಲಿನ ವೇಳಾಪಟ್ಟಿ ನೋಡುವುದು ನನ್ನ ಚಟ. ಶಿರಡಿಗೆ ಹೋಗುವವರಿಗೆ, ಕಾಶಿಗೆ ಹೋಗುವವರಿಗೆ, ಎಲ್ಲಿ ಇಳಿದು ಎಲ್ಲಿ ಹತ್ತಬೇಕು ಎಂದು ಚೀಟಿ ಬರೆದುಕೊಡುತ್ತಿದ್ದೆ. ಜಂಬವೂ ಇತ್ತು, ಇಲ್ಲವೆಂದರೆ ಸುಳ್ಳಾದೀತು. ಊರಿಗೆಲ್ಲ ಸರಿಯಾಗಿ ಬರೆದುಕೊಟ್ಟ ನಾನು ಹೆತ್ತವ್ವನಿಗೆ ತಪ್ಪು ಬರೆದುಕೊಟ್ಟೆ.

ಅವ್ವನ ಅಕ್ಕ, ಅಂದರೆ ನನ್ನ ದೊಡ್ಡವ್ವ, ರೈಲ್ವೆ ಕೆಲಸದ ಗಂಡನ ಹಿಂದೆ ಬಿಲಾಸಪುರಕ್ಕೆ ಹೋದವಳು ಅಲ್ಲೇ ನೆಲೆಯಾದಳು. ಅವಳ ಗಂಟಲಲ್ಲಿ ಗಡ್ಡೆ ಬೆಳೆದಿತ್ತು. ಶನಿವಾರ ಬೆಳಗ್ಗೆ ಆಪರೇಷನ್. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಜೀವಕ್ಕೆ ಭಯವಿಲ್ಲ, ಆದರೆ ಆಮೇಲೆ ಮಾತು ಬರುವುದಿಲ್ಲ ಎಂದಿದ್ದರು. ಅಷ್ಟರೊಳಗೆ ಹೋಗಿ ಅಕ್ಕನ ಮಾತು ಕೇಳಬೇಕೆಂದು ಅವ್ವ ಹಿಡಿದ ಹಟ ಬಿಡಲಿಲ್ಲ. ದಿನಾ ಫೋನಿನಲ್ಲಿ ಕೇಳುತ್ತೀಯಲ್ಲ ಎಂದೆ.

"ಫೋನ್ನಾಗೆ ಕೇಳದೂ ಒಂದ್ ಕೇಳದೇನ್ಲಾ? ಎದ್ರುಗ್ ಕುಂತ್ಕಂಡು ಅವಳ ಕೈಲಿ ಒಂದ್ಸಲ ಬೈಸ್ಕಬೇಕು," ಎಂದಳು. ಚಿಕ್ಕಂದಿನಿಂದ ಅವ್ವನನ್ನು ಬೈದು ಬೆಳೆಸಿದವಳು ದೊಡ್ಡವ್ವನೇ.

ಬಿಲಾಸಪುರಕ್ಕೆ ನೇರ ಗಾಡಿ ವಾರಕ್ಕೆರಡೇ ದಿನ. ಪಟ್ಟಿಯಲ್ಲಿ ಯಾವ ದಿನ ಎಂದು ಕೊಟ್ಟಿರುವುದು ಗಾಡಿ ಹೊರಡುವ ಊರಿನ ಲೆಕ್ಕ. ನಾವು ಹತ್ತುವ ಊರಿಗೆ ಬರುವಷ್ಟರಲ್ಲಿ ದಿನ ಬದಲಾಗಿರುತ್ತದೆ. ನಾಗಪುರದಲ್ಲಿ ಬದಲಾಯಿಸಿದರೆ ಮಂಗಳವಾರ ಸಂಜೆಯೇ ಒಂದು ಗಾಡಿಯಿತ್ತು, ಸೀಟೂ ಇತ್ತು. ನಮ್ಮಲ್ಲಿ ಮಂಗಳವಾರ ಹೆಣ್ಣುಮಕ್ಕಳನ್ನು ಮನೆಯಿಂದ ಕಳಿಸುವುದಿಲ್ಲ. ಅದನ್ನೇ ನೆಪ ಮಾಡಿ ಅವ್ವನಿಗೆ ಮಂಗಳವಾರ ಬೇಡ ಎಂದೆ.

"ಅಕ್ಕನ್ ನೋಡಕ್ಕೆ ಯಾವ್ ವಾರ ಆದ್ರೇನ್ಲಾ, ಓಗನ ನಡಿ," ಎಂದಳು.

ಶಾಸ್ತ್ರ ಮೀರುವುದು ಬೇಡ ಎಂದು ಅವಳ ಬಾಯಿ ಮುಚ್ಚಿಸಿದೆ. ನಿಜ ಏನೆಂದರೆ ಮಂಗಳವಾರ ನನ್ನ ಕಬ್ಬು ಕಡಿಯಲು ಆಳುಗಳು ಬರುವವರಿದ್ದರು. ಅವರನ್ನು ತಪ್ಪಿಸಿಕೊಂಡರೆ ಮತ್ತೆ ಯಾವಾಗ ಸಿಗುತ್ತಾರೋ ಎಂಬ ಚಿಂತೆ ನನಗೆ. ಇದನ್ನು ಅವ್ವನಿಗೆ ಇವತ್ತಿನವರೆಗೂ ಹೇಳಿಲ್ಲ.

ನೇರ ಗಾಡಿ, ದಿನದ ಲೆಕ್ಕ ಹಾಕಿ ನೋಡಿದರೆ, ಬೆಂಗಳೂರಿನಿಂದ ಬುಧವಾರ 00:20ಕ್ಕೆ. ಬುಧವಾರ ಎಂದು ಕಂಡದ್ದೇ ತಡ, ಟಿಕೆಟ್ ಮಾಡಿಸಿದೆ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬುಧವಾರದ ಚೌಕದೊಳಗೆ "ರಾತ್ರಿ 12.20 ಗಾಡಿ" ಎಂದು ದಪ್ಪಗೆ ಬರೆದೆ. ನಮ್ಮ ಮನೆಯಲ್ಲಿ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟ ಮೇಲೇ ಹೊಸ ದಿನ. ಬುಧವಾರ ರಾತ್ರಿ ಎಷ್ಟೇ ಹೊತ್ತಾದರೂ, ಗುರುವಾರ ಬೆಳಗ್ಗೆ ಬಾಗಿಲಿಗೆ ನೀರು ಬೀಳುವ ತನಕ ಅದು ಬುಧವಾರವೇ. ರೈಲಿನವರ ದಿನ ನಡುರಾತ್ರಿಗೇ ಹುಟ್ಟುತ್ತದೆಂದು ನನಗೆ ಗೊತ್ತಿರಲಿಲ್ಲವೇ? ಎಷ್ಟು ಜನಕ್ಕೆ ನಾನೇ ಹೇಳಿಕೊಟ್ಟಿದ್ದೆ. ಆ ಗಾಡಿಗೂ ಮಂಗಳವಾರ ಸಂಜೆಯೇ ಮನೆ ಬಿಡಬೇಕಿತ್ತು. ಅದು ಹೊಳೆಯಲೇ ಇಲ್ಲ. ತಲುಪುವ ತಾರೀಕೂ ಟಿಕೆಟ್ಟಿನಲ್ಲೇ ಇತ್ತು, ನಾನು ಗಂಟೆ ಮಾತ್ರ ನೋಡಿದ್ದೆ. ತಲೆ ತುಂಬ ಕಬ್ಬು.

ಬುಧವಾರ ಬೆಳಗ್ಗೆ ಅವ್ವ ಹುಚ್ಚೆಳ್ಳು ಚಟ್ನಿಪುಡಿ ಕುಟ್ಟುತ್ತಿದ್ದಾಗ ದೊಡ್ಡವ್ವನ ಫೋನು ಬಂತು. ದನಿ ಒಡೆದು ಉಸಿರಿನಷ್ಟೇ ಉಳಿದಿತ್ತು. "ಯಾವೂರ್ ದಾಟಿದ್ರವ್ವ?" ಎಂದಳು.

"ಇವತ್ ರಾತ್ರಿ ಗಾಡಿ ಕಣಕ್ಕ. ಭಾವುಂಗೆ ಚಟ್ನಿಪುಡಿ ಕುಟ್ತಾವ್ನಿ."

ರೈಲ್ವೆಯವನ ಹೆಂಡತಿಗೆ ಅಷ್ಟು ಸಾಕಾಯಿತು. "ಗಾಡಿ ರಾತ್ರಿನೇ ಒಂಟೋಯ್ತು ಕಣವ್ವ. ಟಿಕೀಟ್ ನೋಡು ಅನ್ನು ನಿನ್ ಮಗುಂಗೆ."

ನೋಡಿದೆ. ಅವ್ವ ಒನಕೆ ಕೆಳಗಿಟ್ಟು ನನ್ನ ಮುಖ ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು.

ವಿಮಾನ ಬೇಡವೆಂದು ಅವಳ ಎದೆಯ ಡಾಕ್ಟರು ಮೊದಲೇ ಹೇಳಿದ್ದರು. ಅವತ್ತಿನ ಗಾಡಿಗಳಲ್ಲಿ ಸೀಟಿಲ್ಲ. ತತ್ಕಾಲ್ ಟಿಕೆಟ್ಟಿನಲ್ಲಿ ಗುರುವಾರಕ್ಕೆ ನಾಗಪುರದ ತನಕ ಸಿಕ್ಕಿತು. ಆ ಗಾಡಿ ತಡವಾಗಿ ಶುಕ್ರವಾರ ಸಂಜೆ ನಾಗಪುರ ಮುಟ್ಟಿದಾಗ, ಮುಂದೆ ಹಿಡಿಯಬೇಕಿದ್ದ ಗಾಡಿ ಹೋಗಿತ್ತು. ಇನ್ನೊಂದರಲ್ಲಿ ಜಾಗ ಸಿಕ್ಕಿದ್ದು ಬೆಳಗ್ಗೆಯೇ. ಅವ್ವ ಪ್ಲಾಟ್‌ಫಾರಮ್ಮಿನ ಕಲ್ಲುಬೆಂಚಿನ ಮೇಲೆ ಕೂತು ಅಕ್ಕನಿಗೆ ಫೋನು ಮಾಡಿದಳು. ದೊಡ್ಡವ್ವ ಆಗಲೇ ಆಸ್ಪತ್ರೆ ಸೇರಿದ್ದಳು. ಅವಳು ಮಾತು ಶುರು ಮಾಡಿದಳು, ಇತ್ತ ನಮ್ಮ ತಲೆಯ ಮೇಲೆ ಯಾವ ಗಾಡಿ ಎಷ್ಟು ತಡ ಎಂದು ಮೈಕು ಕೂಗತೊಡಗಿತು. ಒಂದು ಭಾಷೆ ಮುಗಿದರೆ ಇನ್ನೊಂದು. ಅವ್ವ ಒಂದು ಕಿವಿಗೆ ಫೋನು ಒತ್ತಿ, ಇನ್ನೊಂದನ್ನು ಸೆರಗಿನಿಂದ ಮುಚ್ಚಿಕೊಂಡಿದ್ದಳು. ಮೈಕು ನಿಲ್ಲುವಷ್ಟರಲ್ಲಿ ಅತ್ತ ಕಡೆ ನರ್ಸು ಫೋನು ಇಸಿದುಕೊಂಡಿದ್ದಳು.

"ಏನಂದ್ಲವ್ವ?" ಎಂದೆ.

"ಕೇಳುಸ್ನಿಲ್ಲ ಕಣ್ಲಾ."

ಶನಿವಾರ ಮಧ್ಯಾಹ್ನ ಬಿಲಾಸಪುರ ಸೇರಿದೆವು. ಆಪರೇಷನ್ ಮುಗಿದಿತ್ತು. ಭಾನುವಾರ ನಮ್ಮನ್ನು ಒಳಗೆ ಬಿಟ್ಟರು. ದೊಡ್ಡವ್ವನ ಕತ್ತಿಗೆ ಬಿಳಿ ಪಟ್ಟಿ, ಅದರ ನಡುವೆ ಒಂದು ಕೊಳವೆ. ತಂಗಿಯನ್ನು ಕಂಡು ಕಣ್ಣು ತುಂಬಿಕೊಂಡಳು. ಆಮೇಲೆ ಅಂಗೈ ಮೇಲೆ ಮಾಡಿ, ಯಾಕೆ ಹೀಗೆ ಮಾಡಿಕೊಂಡಿರಿ ಎಂದು ಸನ್ನೆಯಲ್ಲೇ ಕೇಳಿದಳು. ಕೇಳುವಾಗ ಅವಳ ಕಣ್ಣು ನನ್ನ ಕಡೆಗಿತ್ತು.

ಅವ್ವ ನನಗೂ ಅವಳಿಗೂ ನಡುವೆ ಬಂದು ಮಂಚದ ಮೇಲೆ ಕೂತಳು. "ನಂದೇ ತಪ್ಪು ಕಣಕ್ಕ. ಮಂಗಳವಾರನೇ ಓಗನ ಅಂತ ಮಗ ಬಡ್ಕಂಡ. ವಾರ ಚೆಂದಾಗಿಲ್ಲ, ಒಂಡಕಿಲ್ಲ ಅಂತ ನಾನೇ ಕುಂತ್ಬುಟ್ಟೆ."

ದೊಡ್ಡವ್ವ ತೋರುಬೆರಳು ಎತ್ತಿದಳು. ತುಟಿ ಅಲುಗಿದವು, ದನಿಯಿಲ್ಲ. ಬೆರಳನ್ನು ಅವ್ವನ ಮುಖದೆದುರು ಆಡಿಸಿ ಆಡಿಸಿ ಬೈದಳು. ಅವ್ವ ತಲೆ ತಗ್ಗಿಸಿ, "ಬೈಯಿ ಕಣಕ್ಕ, ಬೈಯಿ," ಎನ್ನುತ್ತ ಬೈಸಿಕೊಂಡಳು. ನಾನು ಮಂಚದ ಕಾಲ ಕಡೆ ನಿಂತಿದ್ದೆ. ನನಗೆ ಮಾತು ಬರುತ್ತಿತ್ತು. ಆಡಲಿಲ್ಲ.